ದಡಾರ ಹೇಗೆ ಹರಡುತ್ತದೆ, ದೇಹ ಏನು ಮಾಡುತ್ತದೆ: ಮಕ್ಕಳಿಗೆ ಹೇಳಿಕೊಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತರಗತಿಯಲ್ಲಿ ದಡಾರದ ಪಾಠ ಮಾಡಬೇಕಾದ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಮನೆಯಲ್ಲಿ ಮಕ್ಕಳ ಪ್ರಶ್ನೆಗೆ ಸಿಕ್ಕಿಬೀಳುವ ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆಗಳು ಇವು. ಮಗುವಿಗೆ ಈಗಲೇ ಜ್ವರ, ದದ್ದು ಇದ್ದರೆ ಇದನ್ನು ಓದುತ್ತಾ ಕೂರಬೇಡಿ, ಮೊದಲು ವೈದ್ಯರಿಗೆ ಫೋನ್ ಮಾಡಿ. ಬೇರೆ ಮಕ್ಕಳು ತುಂಬಿರುವ ಆಸ್ಪತ್ರೆಯ ಕಾಯುವ ಕೋಣೆಗೆ ನೇರವಾಗಿ ಕರೆದುಕೊಂಡು ಹೋಗುವ ಮುನ್ನ ತಿಳಿಸುವುದು ಏಕೆ ಮುಖ್ಯ ಎಂಬುದು ಕೆಳಗೆ ಗೊತ್ತಾಗುತ್ತದೆ.

ಎಷ್ಟನೇ ವಯಸ್ಸಿನಿಂದ ಹೇಳಿಕೊಡಬಹುದು?

ಐದು ವರ್ಷದ ಮಗುವಿಗೂ ಹೇಳಬಹುದು, ಆದರೆ ಎರಡೇ ಮಾತು: ಇದು ಉಸಿರಿನಿಂದ ಗಾಳಿಗೆ ಬರುತ್ತದೆ, ಚುಚ್ಚುಮದ್ದು ಹಾಕಿಸಿಕೊಂಡ ದೇಹಕ್ಕೆ ಇದರ ಗುರುತು ಮೊದಲೇ ಇರುತ್ತದೆ. ನಲಿ-ಕಲಿ ವಯಸ್ಸಿಗೆ ಇಷ್ಟು ಸಾಕು. ನಾಲ್ಕು, ಐದನೇ ತರಗತಿಗೆ ಬಂದಾಗ ಕೆಳಗೆ ಹೇಳಿರುವ ಕ್ಯಾಲೆಂಡರ್ ಚಟುವಟಿಕೆ ಮಾಡಿಸಬಹುದು. ಏಳನೇ ತರಗತಿಯಿಂದ ಮೇಲೆ, ರೋಗಾಣುವನ್ನು ಗುರುತಿಸುವ ದೇಹದ ಕೋಶಗಳನ್ನು ಟಿ ಕೋಶ, ಬಿ ಕೋಶ ಎಂದು ಹೆಸರು ಹಿಡಿದೇ ಹೇಳಿ. ಆ ವಯಸ್ಸಿನವರಿಗೆ ಕ್ರಿಕೆಟಿಗರ ಸರಾಸರಿ ಬಾಯಿಪಾಠ ಇರುತ್ತದೆ, ಎರಡು ಕೋಶಗಳ ಹೆಸರು ಭಾರವಲ್ಲ.

ಪಾಠ ಎಲ್ಲಿಂದ ಶುರು ಮಾಡಲಿ? 'ವೈರಸ್ ಎಂದರೇನು' ಅಂತಲೇ?

ಬೇಡ. 'ವೈರಸ್ ಎಂದರೆ...' ಎಂದು ಬೋರ್ಡಿನ ಮೇಲೆ ಬರೆದ ಕೂಡಲೇ ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಮರೆಯುತ್ತಾರೆ. ಗಾಳಿಯಿಂದ ಶುರು ಮಾಡಿ, ಆಮೇಲೆ ದಿನಗಳ ಲೆಕ್ಕ, ಕೊನೆಗೆ ದೇಹದ ಒಳಗಿನ ಕೆಲಸ. ದಡಾರದ ವಿಚಾರದಲ್ಲಿ ದೊಡ್ಡವರೂ ತಪ್ಪು ತಿಳಿದಿರುವುದು ಎರಡು ಕಡೆ: ದದ್ದು ಎದ್ದ ಮೇಲೆಯೇ ಅಂಟುತ್ತದೆ ಎಂಬುದು ಒಂದು, ದದ್ದು ಎಂದರೆ ವೈರಸ್ಸೇ ಹೊರಗೆ ಬಂದದ್ದು ಎಂಬುದು ಇನ್ನೊಂದು. ಈ ಎರಡನ್ನು ಸರಿಮಾಡಿದರೆ ಉಳಿದದ್ದನ್ನು ಮಕ್ಕಳೇ ಊಹಿಸುತ್ತಾ ಹೋಗುತ್ತಾರೆ.

ಗಾಳಿಯಲ್ಲಿ ಹರಡುತ್ತದೆ ಎನ್ನುವುದನ್ನು ತೋರಿಸುವುದು ಹೇಗೆ? ಕಣ್ಣಿಗೆ ಕಾಣುವುದಿಲ್ಲವಲ್ಲ.

ಒಂದು ಊದುಬತ್ತಿ ಸಾಕು. ಕಿಟಕಿ, ಬಾಗಿಲು ಮುಚ್ಚಿ, ಕೋಣೆಯ ಒಂದು ಮೂಲೆಯಲ್ಲಿ ಹಚ್ಚಿ. ಮಕ್ಕಳು ಕಣ್ಣು ಮುಚ್ಚಿ ಕೂತಿರಲಿ, ವಾಸನೆ ಬಂದವರು ಕೈ ಎತ್ತಲಿ. ಮೊದಲು ಹತ್ತಿರದವರ ಕೈ, ನಿಧಾನವಾಗಿ ಕೊನೆಯ ಬೆಂಚಿನವರ ಕೈ ಮೇಲೇಳುತ್ತದೆ. ಈಗ ಊದುಬತ್ತಿಯನ್ನು ಆರಿಸಿ ಹೊರಗೆ ಇಟ್ಟು ಬನ್ನಿ, ಆಗಷ್ಟೇ ಹೊರಗಿನಿಂದ ಬಂದ ಒಂದು ಮಗುವನ್ನು ಕೇಳಿ: ವಾಸನೆ ಇದೆಯಾ? ಇದೆ ಎನ್ನುತ್ತದೆ. ಊದುಬತ್ತಿ ಎಲ್ಲಿ? ಇಲ್ಲ!

ಇಲ್ಲಿಯೇ ಪಾಠ ಇರುವುದು. ದಡಾರ ಬಂದ ಮಗು ಕೆಮ್ಮಿ, ಸೀನಿ, ಬರೀ ಉಸಿರಾಡಿ ಕೋಣೆಯಿಂದ ಎದ್ದುಹೋದ ಮೇಲೂ ವೈರಸ್ ಇರುವ ಸೂಕ್ಷ್ಮ ಹನಿಗಳು ಆ ಗಾಳಿಯಲ್ಲಿ 2 ಗಂಟೆಯವರೆಗೆ ತೇಲುತ್ತಿರಬಹುದು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಬಸ್ಸಿನಲ್ಲಿ, ಟ್ಯೂಷನ್ ಕೋಣೆಯಲ್ಲಿ ರೋಗಿಯ ಮುಖವನ್ನೇ ನೋಡದವರಿಗೂ ಅದು ಅಂಟುವುದು ಹೀಗೆ. ಕೊನೆಗೆ ಕಿಟಕಿ, ಬಾಗಿಲು ಎಲ್ಲ ತೆರೆದು, ವಾಸನೆ ಎಷ್ಟು ಬೇಗ ಹೋಯಿತು ನೋಡಿ ಎನ್ನಿ. ಗಾಳಿ ಆಡುವ ಕೋಣೆ ಏಕೆ ಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಉಬ್ಬಸ ಇರುವ ಮಕ್ಕಳಿದ್ದರೆ ಊದುಬತ್ತಿ ಬೇಡ, ಕಿತ್ತಳೆ ಸಿಪ್ಪೆ ಹಿಂಡಿದರೂ ನಡೆಯುತ್ತದೆ.

ಕೈಗೆ ಅರಿಶಿನ ಪುಡಿ ಹಚ್ಚಿ, ಕೈ ಕುಲುಕಿಸಿ 'ನೋಡಿ, ಹೀಗೆ ರೋಗ ಹರಡುತ್ತದೆ' ಎಂದು ತೋರಿಸುವ ಆಟ ಇದೆಯಲ್ಲ, ಅದು ಸಾಲದೇ?

ಆ ಆಟ ವಾಂತಿ-ಭೇದಿಗೆ ಸರಿ. ದಡಾರಕ್ಕೆ ಬಳಸಿದರೆ ತಪ್ಪನ್ನೇ ಕಲಿಸಿದ ಹಾಗೆ. ಅದನ್ನು ಆಡಿದ ಮಗು 'ಮುಟ್ಟದಿದ್ದರೆ ಸಾಕು, ಕೈ ತೊಳೆದರೆ ಸಾಕು' ಎಂದು ಮನೆಗೆ ಹೋಗುತ್ತದೆ. ಕೈ ತೊಳೆಯುವುದು ಯಾವತ್ತೂ ಒಳ್ಳೆಯದೇ, ಆದರೆ ದಡಾರದ ಮುಖ್ಯ ದಾರಿ ಉಸಿರು. ನೋಡಲು ಚೆನ್ನಾಗಿರುವ ಚಟುವಟಿಕೆ ಎಂಬ ಒಂದೇ ಕಾರಣಕ್ಕೆ ಎಲ್ಲ ರೋಗಕ್ಕೂ ಅದನ್ನೇ ಮಾಡಿಸುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಸ್ವಲ್ಪ ಜಾಸ್ತಿಯೇ ಇದೆ.

ದದ್ದು ಕಾಣಿಸಿದ ಮೇಲೆ ಮಗುವನ್ನು ಮನೆಯಲ್ಲಿ ಇಟ್ಟುಕೊಂಡರೆ ಸಾಲದೇ?

ಇಟ್ಟುಕೊಳ್ಳಲೇಬೇಕು, ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಇದನ್ನು ಕ್ಯಾಲೆಂಡರ್ ಮೇಲೆ ಮಾಡಿಸಿ. ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರಿನ ಜೂನ್ ಹಾಳೆ ಹರಿದುಕೊಳ್ಳಿ. ರವಿ ಎಂಬ ಹುಡುಗನ ಮೂಗಿಗೆ ವೈರಸ್ ಹೋದದ್ದು ಜೂನ್ 1ರಂದು ಎಂದುಕೊಳ್ಳೋಣ.

1ರಿಂದ 10ರವರೆಗೆ ಏನೂ ಇಲ್ಲ. ರವಿ ಓಡುತ್ತಾನೆ, ಬಿಸಿಯೂಟ ಮಾಡುತ್ತಾನೆ, ಜಗಳ ಆಡುತ್ತಾನೆ. 11ರ ಸುಮಾರಿಗೆ ಜ್ವರ, ಒಣ ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಾಗಿ ನೀರು ಬರುವುದು. ನೋಡಿದವರೆಲ್ಲ ನೆಗಡಿ ಎನ್ನುತ್ತಾರೆ. ಒಂದೆರಡು ದಿನದಲ್ಲಿ ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಕಾಳಿನಷ್ಟು ಬಿಳಿ ಚುಕ್ಕೆಗಳು ಕಾಣಬಹುದು. 1896ರಲ್ಲಿ ಇವುಗಳ ಮಹತ್ವವನ್ನು ವಿವರಿಸಿದ ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕಾಪ್ಲಿಕ್ ಹೆಸರಿನಲ್ಲೇ ಇವನ್ನು ಕಾಪ್ಲಿಕ್ ಚುಕ್ಕೆ ಎನ್ನುತ್ತಾರೆ. 15ರ ಹೊತ್ತಿಗೆ ಕಿವಿಯ ಹಿಂದೆ, ಕೂದಲಂಚಿನಲ್ಲಿ ದದ್ದು ಶುರುವಾಗಿ ಮುಖ, ಎದೆ, ಹೊಟ್ಟೆ, ಕೈಕಾಲು ಎಂದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಎಲ್ಲರಲ್ಲೂ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಇರುವುದಿಲ್ಲ. ದದ್ದು 7ನೇ ದಿನಕ್ಕೇ ಬರಬಹುದು, 21ನೇ ದಿನಕ್ಕೂ ಬರಬಹುದು.

ಈಗ ಕೆಂಪು ಬಣ್ಣದ ಪೆನ್ಸಿಲ್ ಕೊಟ್ಟು, ರವಿಯಿಂದ ಬೇರೆಯವರಿಗೆ ಅಂಟುವ ದಿನಗಳನ್ನು ಗುರುತು ಮಾಡಿಸಿ. ದದ್ದು ಬರುವ 4 ದಿನ ಮೊದಲಿನಿಂದ ದದ್ದು ಬಂದ 4 ದಿನದ ನಂತರದವರೆಗೆ. ಅಂದರೆ 11ರಿಂದ 19. 'ಸರ್, ಅವನು 11, 12ಕ್ಕೆ ಶಾಲೆಗೆ ಬಂದಿದ್ದನಲ್ಲ!' ಎಂದು ಯಾರಾದರೂ ಕೂಗೇ ಕೂಗುತ್ತಾರೆ. ಆ ಕೂಗು ಬರುವವರೆಗೆ ನೀವು ಉತ್ತರ ಹೇಳಬೇಡಿ.

ಒಬ್ಬರಿಂದ ಎಷ್ಟು ಜನಕ್ಕೆ ಅಂಟುತ್ತದೆ?

ಯಾರಿಗೂ ರಕ್ಷಣೆ ಇಲ್ಲದ ಊರಿನಲ್ಲಿ ಒಬ್ಬರಿಂದ 12ರಿಂದ 18 ಜನಕ್ಕೆ. ಮಾಮೂಲಿ ಫ್ಲೂ ಆದರೆ ಒಬ್ಬರಿಂದ ಒಬ್ಬರಿಗೋ ಇಬ್ಬರಿಗೋ. ರಕ್ಷಣೆ ಇಲ್ಲದ 10 ಮಂದಿ ದಡಾರದ ರೋಗಿಯ ಹತ್ತಿರ ಇದ್ದರೆ 9 ಮಂದಿಗೆ ಬರುತ್ತದೆ.

ಹೈಸ್ಕೂಲು ಮಕ್ಕಳಾದರೆ ಲೆಕ್ಕ ಮಾಡಿಸಿ, ಗಣಿತದ ಪೀರಿಯಡ್ಡನ್ನೇ ಕೇಳಿ ಪಡೆದುಕೊಳ್ಳಿ. ಒಬ್ಬರಿಂದ 15 ಎಂದು ಇಟ್ಟುಕೊಂಡರೆ ಎರಡನೇ ಸುತ್ತಿಗೆ 225. ಈಗ ಊರಿನಲ್ಲಿ ನೂರಕ್ಕೆ 80 ಜನಕ್ಕೆ ರಕ್ಷಣೆ ಇದ್ದರೆ? ಆ 15ರಲ್ಲಿ 3 ಜನಕ್ಕೆ ಅಂಟುತ್ತದೆ, ರೋಗ ಬೆಳೆಯುತ್ತದೆ. 90 ಜನಕ್ಕಿದ್ದರೆ ಒಂದೂವರೆ, ನಿಧಾನವಾಗಿಯಾದರೂ ಬೆಳೆಯುತ್ತದೆ. 95 ಜನಕ್ಕಿದ್ದರೆ 0.75. ಒಂದಕ್ಕಿಂತ ಕಡಿಮೆ! ರೋಗ ತಾನಾಗಿಯೇ ನಿಂತುಹೋಗುತ್ತದೆ. ಆರೋಗ್ಯ ಇಲಾಖೆಯವರು ದಡಾರಕ್ಕೆ ಶೇ. 95 ಎಂದು ಹಟ ಹಿಡಿಯುವುದು ಏಕೆಂಬುದಕ್ಕೆ ಉತ್ತರ ಈ ಗುಣಾಕಾರದಲ್ಲಿದೆ. 90 ಬಂದರೆ ಒಳ್ಳೆಯ ಮಾರ್ಕ್ಸ್ ಎಂದು ನಂಬಿದ ಮಕ್ಕಳಿಗೆ ಇದು ಸ್ವಲ್ಪ ಆಶ್ಚರ್ಯದ ವಿಷಯ.

ದೇಹದ ಒಳಗೆ ಏನಾಗುತ್ತದೆ? ಸರಳವಾಗಿ, ಆದರೆ ಸುಳ್ಳಿಲ್ಲದಂತೆ ಹೇಳಬೇಕು.

ಸಾಮಾನ್ಯವಾಗಿ ನಾವು 'ವೈರಸ್ ಮೂಗಿನ ಒಳಗೆ ಹೋಗಿ ಗಂಟಲು ಕೆಡಿಸುತ್ತದೆ' ಎಂದುಬಿಡುತ್ತೇವೆ. ದಡಾರದ ವೈರಸ್ ಮಾಡುವುದು ಬೇರೆ. ಶ್ವಾಸಕೋಶದಲ್ಲಿ ಹೊರಗಿನಿಂದ ಬಂದದ್ದನ್ನು ಹಿಡಿದು ಪರೀಕ್ಷಿಸಲೆಂದೇ ರೋಗನಿರೋಧಕ ಕೋಶಗಳು ಇರುತ್ತವೆ. ದಡಾರದ ವೈರಸ್ ಮೊದಲು ಹಿಡಿಯುವುದು ಆ ಕೋಶಗಳನ್ನೇ. ಅವು ತಮ್ಮ ಕೆಲಸದಂತೆ ಹತ್ತಿರದ ದುಗ್ಧಗ್ರಂಥಿಗೆ (ರೋಗನಿರೋಧಕ ಕೋಶಗಳು ಒಟ್ಟುಸೇರುವ ಪುಟ್ಟ ಗಂಟು) ಹೋಗುತ್ತವೆ, ವೈರಸ್ ಅವುಗಳ ಒಳಗೇ ಕೂತು ಅಲ್ಲಿಗೆ ತಲುಪುತ್ತದೆ. ಅಲ್ಲಿ ಬಿಳಿ ರಕ್ತಕಣಗಳಲ್ಲಿ ತನ್ನ ನಕಲುಗಳನ್ನು ಮಾಡಿಕೊಂಡು, ರಕ್ತದ ಮೂಲಕ ಇಡೀ ಮೈಗೆ ಹರಡುತ್ತದೆ. ರವಿ ಏನೂ ಆಗದವನಂತೆ ಓಡಾಡುತ್ತಿದ್ದ ಆ ಹತ್ತು ದಿನಗಳಲ್ಲಿ ನಡೆದದ್ದು ಇದು.

ಕೊನೆಗೆ ಅದು ಶ್ವಾಸನಾಳದ ಒಳಗೋಡೆಯ ಕೋಶಗಳಿಗೆ ದೇಹದ ಒಳಬದಿಯಿಂದ ಬಂದು ಸೇರುತ್ತದೆ, ಅಲ್ಲಿಂದ ಉಸಿರಿನ ದಾರಿಗೆ ಬೀಳುತ್ತದೆ. ಕೆಮ್ಮು ಬರುವುದೂ ಆಗಲೇ. ಹೊರಗೆ ಹೋಗಲು ಇದಕ್ಕಿಂತ ಅನುಕೂಲದ ಜಾಗ ಬೇರೆ ಇಲ್ಲ.

ಅಷ್ಟರಲ್ಲಿ ದೇಹಕ್ಕೆ ಎಚ್ಚರವಾಗಿರುತ್ತದೆ. ದುಗ್ಧಗ್ರಂಥಿಗಳಲ್ಲಿ ಲಕ್ಷಾಂತರ ಬಗೆಯ ಟಿ ಕೋಶ, ಬಿ ಕೋಶಗಳು ಇರುತ್ತವೆ, ಒಂದೊಂದು ಬಗೆಯೂ ಒಂದೊಂದು ಆಕಾರವನ್ನು ಮಾತ್ರ ಗುರುತಿಸಬಲ್ಲದು. ದಡಾರದ ವೈರಸ್ಸಿನ ತುಣುಕನ್ನು ಗುರುತಿಸುವಂಥವು ಮೊದಲು ಬೆರಳೆಣಿಕೆಯಷ್ಟೇ. ಅವು ಸಿಕ್ಕಿ, ಒಡೆದು ಎರಡಾಗಿ, ನಾಲ್ಕಾಗಿ, ಸಾವಿರವಾಗಲು ದಿನಗಳು ಬೇಕು. ಜ್ವರದಿಂದ ಮಲಗಿದ ಮಗುವಿನ ದೇಹ ಸುಮ್ಮನೆ ಇಲ್ಲ, ಈ ಎಣಿಕೆಯನ್ನು ಹೆಚ್ಚಿಸಿಕೊಳ್ಳುತ್ತಿದೆ. ಬಿ ಕೋಶಗಳಲ್ಲಿ ಕೆಲವು ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯಗಳು ವೈರಸ್ಸಿಗೆ ಅಂಟಿಕೊಂಡು, ಅದು ಹೊಸ ಕೋಶದೊಳಗೆ ಹೋಗದಂತೆ ತಡೆಯುತ್ತವೆ. ಆದರೆ ಈಗಾಗಲೇ ಕೋಶದ ಒಳಗೆ ಸೇರಿದ ವೈರಸ್ಸನ್ನು ಪ್ರತಿಕಾಯ ಮುಟ್ಟಲಾರದು. ಆ ಕೆಲಸ ಟಿ ಕೋಶಗಳದ್ದು: ಸೋಂಕಿದ ಕೋಶವನ್ನೇ ಹುಡುಕಿ ನಾಶಮಾಡುತ್ತವೆ.

ಹಾಗಾದರೆ ದದ್ದು ಏಕೆ ಬರುತ್ತದೆ?

ಇದು ಇಡೀ ಪಾಠದಲ್ಲಿ ನನಗೆ ಬಹಳ ಇಷ್ಟವಾದ ಜಾಗ. ಚರ್ಮದ ಸಣ್ಣ ಸಣ್ಣ ರಕ್ತನಾಳಗಳ ಸುತ್ತ ಇರುವ ಸೋಂಕಿದ ಕೋಶಗಳನ್ನು ಟಿ ಕೋಶಗಳು ಬಂದು ನಾಶಮಾಡುವಾಗ ಆ ಜಾಗ ಊದಿ ಕೆಂಪಾಗುತ್ತದೆ. ಮೈಮೇಲೆ ಕಾಣುವ ದದ್ದು ದೇಹದ ಕೆಲಸದ ಗುರುತು. ಪುರಾವೆ ಬೇಕೇ? ಟಿ ಕೋಶಗಳು ಸರಿಯಾಗಿ ಕೆಲಸ ಮಾಡದ ಮಕ್ಕಳಿಗೆ ದಡಾರ ಬಂದರೆ ಕೆಲವೊಮ್ಮೆ ದದ್ದೇ ಏಳುವುದಿಲ್ಲ, ಮತ್ತು ಅವರ ಸ್ಥಿತಿಯೇ ಹೆಚ್ಚು ಅಪಾಯದ್ದು.

ಇದನ್ನು ಕೇಳಿದ ಮಕ್ಕಳು ಕ್ಯಾಲೆಂಡರ್ ಕಡೆ ತಿರುಗಿ ನೋಡುವ ಹಾಗೆ ಮಾಡಿ. ದದ್ದು 15ಕ್ಕೇ ಏಕೆ, 2ಕ್ಕೇ ಏಕೆ ಬರಲಿಲ್ಲ? ಟಿ ಕೋಶಗಳ ಎಣಿಕೆ ಹೆಚ್ಚಲು ಅಷ್ಟು ದಿನ ಬೇಕಿತ್ತು. ವೈರಸ್ ಮುಂದೆ, ದೇಹ ಹಿಂದೆ. ದದ್ದು ಬರುವಷ್ಟರಲ್ಲಿ ವೈರಸ್ ಪಕ್ಕದವರ ಮೂಗಿಗೆ ಹೋಗಿಯಾಗಿದೆ.

ಸೈನಿಕರು, ಯುದ್ಧ, ರಾಕ್ಷಸ ವೈರಸ್ ಎಂದು ಕಥೆ ಮಾಡಿ ಹೇಳಬಹುದೇ? ಮಕ್ಕಳಿಗೆ ಇಷ್ಟವಾಗುತ್ತದೆ.

ಇಷ್ಟವಾಗುತ್ತದೆ, ನಿಜ. ನಾನು ಮಾತ್ರ ಆದಷ್ಟು ದೂರ ಇಡುತ್ತೇನೆ. ಯುದ್ಧದ ಕಥೆಯಲ್ಲಿ ಕಾಯಿಲೆ ಬಿದ್ದ ಮಗು ಸೋತವನಾಗುತ್ತದೆ, ಅದರ ಸೈನಿಕರು ಅಶಕ್ತರಾಗುತ್ತಾರೆ. ಗಟ್ಟಿಮುಟ್ಟಾದ ಮಗುವಿಗೆ ದಡಾರ ಬರುವುದಿಲ್ಲ ಎಂಬ ಅರ್ಥವೂ ಹುಟ್ಟುತ್ತದೆ, ಅದು ಸುಳ್ಳು. ಹಾಲು-ತುಪ್ಪ ತಿಂದು ಬೆಳೆದ ಮಗುವಿಗೂ ಮೊದಲ ಸಲ ಈ ವೈರಸ್ಸಿನ ಗುರುತು ಇರುವುದಿಲ್ಲ. ಪೌಷ್ಟಿಕತೆ ಇದ್ದರೆ ಕಾಯಿಲೆಯ ತೀವ್ರತೆ ತಗ್ಗಬಹುದು, ಅಂಟುವುದು ತಪ್ಪುವುದಿಲ್ಲ. ಯಾರಿಗೆ ಮೊದಲೇ ಗುರುತಿದೆ, ಯಾರಿಗಿಲ್ಲ ಎಂಬುದೇ ಇಲ್ಲಿನ ವ್ಯತ್ಯಾಸ.

ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎನ್ನುತ್ತಾರೆ. ಯಾರು ಕಂಡುಹಿಡಿದರು?

ಕಥೆ ಬೇಕಾದರೆ ಇಲ್ಲಿದೆ. ಸ್ಕಾಟ್ಲೆಂಡ್ ಮತ್ತು ಐಸ್‌ಲೆಂಡ್ ನಡುವೆ ಅಟ್ಲಾಂಟಿಕ್ ಸಾಗರದಲ್ಲಿ ಫರೋ ಎಂಬ ದ್ವೀಪಗಳಿವೆ. 1781ರಲ್ಲಿ ಅಲ್ಲಿ ದಡಾರ ಬಂದು ಹೋಯಿತು. ಆಮೇಲೆ 65 ವರ್ಷ ಅದರ ಸುಳಿವಿಲ್ಲ. 1846ರಲ್ಲಿ ಅದು ಮತ್ತೆ ಬಂದಾಗ ಸುಮಾರು 7,800 ಜನರಲ್ಲಿ 6,000 ಮಂದಿ ಮಲಗಿದರು. ಡೆನ್ಮಾರ್ಕ್ ಸರ್ಕಾರ ಪೀಟರ್ ಪ್ಯಾನಮ್ ಎಂಬ ಯುವ ವೈದ್ಯನನ್ನು ಅಲ್ಲಿಗೆ ಕಳಿಸಿತು. ಅವನು ಹಳ್ಳಿ ಹಳ್ಳಿ ತಿರುಗಿ ಯಾರಿಗೆ ಯಾವಾಗ ಬಂತು ಎಂದು ದಿನಾಂಕ ಬರೆದುಕೊಂಡ. ವೈರಸ್ ಎಂಬುದೊಂದಿದೆ ಎಂದು ಜಗತ್ತಿಗೇ ಗೊತ್ತಿಲ್ಲದ ಕಾಲ ಅದು. ಆದರೂ ಅಂಟಿದ ದಿನದಿಂದ ದದ್ದಿಗೆ ಸುಮಾರು 14 ದಿನ ಎಂಬ ಲೆಕ್ಕ ಅವನ ಪುಸ್ತಕದಿಂದಲೇ ಬಂತು.

ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿ: 1846ರಲ್ಲಿ ಯಾರಿಗೆ ಬರಲಿಲ್ಲ? ಉತ್ತರ: ಬಾಲ್ಯದಲ್ಲಿ, 1781ರಲ್ಲಿ ದಡಾರ ಬಂದಿದ್ದ ಮುದುಕ-ಮುದುಕಿಯರಿಗೆ. ಆಗ ಬಾರದೆ ಉಳಿದಿದ್ದ ಹಿರಿಯರಿಗೆ ಈಗ ಬಂತು. 65 ವರ್ಷ ವೈರಸ್ಸನ್ನೇ ಕಾಣದ ದೇಹಕ್ಕೆ ಅದರ ಗುರುತು ಮರೆತಿರಲಿಲ್ಲ. ಸೋಂಕು ಮುಗಿದ ಮೇಲೆ ಬಹುಪಾಲು ಟಿ, ಬಿ ಕೋಶಗಳು ಸಾಯುತ್ತವೆ, ಕೆಲವು ಮಾತ್ರ ನೆನಪಿನ ಕೋಶಗಳಾಗಿ ಉಳಿಯುತ್ತವೆ. ಮುಂದಿನ ಸಲ ಶೂನ್ಯದಿಂದ ಶುರು ಮಾಡಬೇಕಾಗಿಲ್ಲ; ಹತ್ತು ದಿನದ ಆ ಮೌನಕ್ಕೆ ಅವಕಾಶವೇ ಇರುವುದಿಲ್ಲ.

ಹಾಗಿದ್ದರೆ ಚಿಕ್ಕಂದಿನಲ್ಲಿ ಬಂದು ಹೋಗುವುದೇ ಒಳ್ಳೆಯದಲ್ಲವೇ? ನಮಗೆಲ್ಲ ಬಂದಿತ್ತು, ಏನೂ ಆಗಲಿಲ್ಲ.

ಏನೂ ಆಗದವರು ಮಾತ್ರ ಈ ಪ್ರಶ್ನೆ ಕೇಳಲು ಉಳಿದಿರುತ್ತಾರೆ. 1963ರಲ್ಲಿ ಲಸಿಕೆ ಬರುವ ಮೊದಲು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ದಡಾರದಿಂದ ಸಾಯುತ್ತಿದ್ದರು. 2023ರಲ್ಲೂ ಒಂದು ಲಕ್ಷಕ್ಕಿಂತ ಹೆಚ್ಚು ಮಂದಿ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ನ್ಯುಮೋನಿಯಾ, ಭೇದಿ, ಮೆದುಳಿನ ಊತ, ವಿಟಮಿನ್ ಎ ಕೊರತೆ ಇರುವವರಲ್ಲಿ ಕುರುಡುತನ.

ಇನ್ನೊಂದು ಕಾರಣ ಮೇಲಿನ ಪಾಠಕ್ಕೇ ಸೇರಿದ್ದು, ಹೈಸ್ಕೂಲು ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ದಡಾರದ ವೈರಸ್ಸಿಗೆ ನೆನಪಿನ ಕೋಶಗಳೆಂದರೆ ಬಹಳ ಇಷ್ಟ. ಅವುಗಳ ಮೇಲ್ಮೈಯಲ್ಲಿ ಅದು ಅಂಟಿಕೊಳ್ಳುವ ಪ್ರೋಟೀನು ಧಾರಾಳವಾಗಿದೆ. ಆ ಕೋಶಗಳು ಸತ್ತರೆ, ಹಿಂದೆ ಬಂದುಹೋದ ಬೇರೆ ಬೇರೆ ರೋಗಾಣುಗಳ ಗುರುತೂ ಅವುಗಳ ಜತೆ ಹೋಗುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಲಸಿಕೆ ಹಾಕಿಸಿಕೊಂಡಿರದ ನೆದರ್ಲೆಂಡ್ಸ್‌ನ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ಅನಂತರ ಪರೀಕ್ಷಿಸಿದರು. ಮಗುವಿನಿಂದ ಮಗುವಿಗೆ ವ್ಯತ್ಯಾಸವಾಗಿ, ಶೇ. 11ರಿಂದ 73ರಷ್ಟು ಬಗೆಯ ಪ್ರತಿಕಾಯಗಳು ಮಾಯವಾಗಿದ್ದವು. ದಡಾರದ ಗುರುತು ಹೊಸದಾಗಿ ಸೇರಿತು, ಉಳಿದ ಎಷ್ಟೋ ಗುರುತುಗಳು ಹೋದವು. ದಡಾರದಿಂದ ಎದ್ದ ಮಕ್ಕಳು ಆಮೇಲೆ ತಿಂಗಳುಗಟ್ಟಲೆ, ಕೆಲವರು ಎರಡು ಮೂರು ವರ್ಷ, ಬೇರೆ ಬೇರೆ ಕಾಯಿಲೆಗೆ ಬೀಳುವುದಕ್ಕೆ ಇದು ಕಾರಣ. 'ದಡಾರ ಬಂದಮೇಲೆ ಮಗು ಸೊರಗಿಹೋಯಿತು' ಎಂದು ಹಿಂದಿನ ತಾಯಂದಿರು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಲಸಿಕೆಯಲ್ಲಿ ಜೀವಂತ ವೈರಸ್ಸೇ ಇದೆಯಂತೆ. ಮಕ್ಕಳು ಹೆದರುವುದಿಲ್ಲವೇ?

ಇದೆ, ಮುಚ್ಚಿಡಬೇಡಿ. ಆದರೆ ದುರ್ಬಲಗೊಳಿಸಿದ ವೈರಸ್. 1954ರಲ್ಲಿ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಅವರು ಅಮೆರಿಕದ ಬಾಸ್ಟನ್ ಬಳಿಯ ಶಾಲೆಯೊಂದರಲ್ಲಿ ದಡಾರ ಬಂದಿದ್ದ ಹುಡುಗನಿಂದ ಮಾದರಿ ತೆಗೆದು ವೈರಸ್ಸನ್ನು ಬೇರ್ಪಡಿಸಿದರು. ಆ ಹುಡುಗನ ಹೆಸರು ಎಡ್ಮನ್‌ಸ್ಟನ್. ಪ್ರಯೋಗಾಲಯದ ಕೋಶಗಳಲ್ಲಿ ತಲೆಮಾರು ತಲೆಮಾರಾಗಿ ಬೆಳೆಸಿದಾಗ ಅದು ಅಲ್ಲಿಗೆ ಒಗ್ಗಿ, ಮನುಷ್ಯರಲ್ಲಿ ಕಾಯಿಲೆ ತರುವ ಶಕ್ತಿ ಕಳೆದುಕೊಂಡಿತು. ನಮ್ಮಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ದಡಾರ-ರುಬೆಲ್ಲಾ (ದದ್ದು ಬರುವ ಇನ್ನೊಂದು ವೈರಸ್ ರೋಗ) ಲಸಿಕೆಯಲ್ಲಿರುವುದೂ ಅದೇ ವಂಶದ, ಎಡ್ಮನ್‌ಸ್ಟನ್-ಜಾಗ್ರೆಬ್ ಎಂಬ ತಳಿ. ಶಾಲೆಯ ಒಬ್ಬ ಹುಡುಗನ ಗಂಟಲಿನಲ್ಲಿದ್ದದ್ದು ತಮ್ಮ ತೋಳಿನವರೆಗೆ ಬಂದಿದೆ ಎಂದರೆ ಮಕ್ಕಳಿಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚು.

ಲಸಿಕೆ ಹಾಕಿಸಿದ ಒಂದು ವಾರದ ಮೇಲೆ ಕೆಲವು ಮಕ್ಕಳಿಗೆ ಜ್ವರ, ಅಪರೂಪಕ್ಕೆ ತೆಳು ದದ್ದು ಬರುತ್ತದೆ. ಅದೇ ದಿನ ಬರದೆ ವಾರದ ಮೇಲೆ ಏಕೆ? ಕ್ಯಾಲೆಂಡರ್ ತೋರಿಸಿ, ಅವರೇ ಹೇಳುತ್ತಾರೆ. ಬಸುರಿಯರಿಗೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಈ ಲಸಿಕೆ ಕೊಡುವುದಿಲ್ಲ.

ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು ವಾಟ್ಸ್ಯಾಪಿನಲ್ಲಿ ಬಂದಿತ್ತು.

1998ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 12 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಹುಟ್ಟಿದ ಗುಲ್ಲು ಅದು. 2010ರಲ್ಲಿ ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ವೇಕ್‌ಫೀಲ್ಡ್ ಹೆಸರನ್ನು ಅಲ್ಲಿನ ವೈದ್ಯರ ಪಟ್ಟಿಯಿಂದ ತೆಗೆದುಹಾಕಿದರು. ಲಕ್ಷಾಂತರ ಮಕ್ಕಳನ್ನು ಗಮನಿಸಿದ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡಿಲ್ಲ.

ಲಸಿಕೆ 9 ತಿಂಗಳಿಗೇ ಏಕೆ? ಎರಡು ಸಲ ಏಕೆ?

ತಾಯಿಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಬಂದು ಎಳೆಗೂಸನ್ನು ಕೆಲವು ತಿಂಗಳು ಕಾಯುತ್ತವೆ. ಅವು ಇರುವಾಗ ಲಸಿಕೆ ಕೊಟ್ಟರೆ, ಲಸಿಕೆಯ ವೈರಸ್ಸನ್ನೂ ತಡೆದುಬಿಡುತ್ತವೆ. ಮಗುವಿನ ದೇಹ ಅದನ್ನು ಕಲಿಯುವುದೇ ಇಲ್ಲ. ಅವು ಕರಗುವವರೆಗೆ ಕಾಯಬೇಕು, ಹೆಚ್ಚು ಕಾದರೆ ರೋಗವೇ ಬಂದೀತು. ಆದ್ದರಿಂದ ಭಾರತದಲ್ಲಿ ಮೊದಲನೆಯದು 9ರಿಂದ 12 ತಿಂಗಳಿನಲ್ಲಿ, ಎರಡನೆಯದು 16ರಿಂದ 24 ತಿಂಗಳಿನಲ್ಲಿ. 9 ತಿಂಗಳಿನಲ್ಲಿ ಹಾಕಿಸಿದಾಗ ನೂರಕ್ಕೆ ಸುಮಾರು 85 ಮಕ್ಕಳಲ್ಲಿ ಗುರುತು ಮೂಡುತ್ತದೆ. ಉಳಿದ 15 ಮಕ್ಕಳು ಯಾರೆಂದು ನೋಡಿದರೆ ಗೊತ್ತಾಗುವುದಿಲ್ಲ, ಹಾಗಾಗಿ ಎಲ್ಲರಿಗೂ ಇನ್ನೊಮ್ಮೆ.

ದಡಾರದ ಲಸಿಕೆ ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಬಂದದ್ದು 1985ರಲ್ಲಿ. ಎರಡನೇ ಡೋಸ್ ಶುರುವಾದದ್ದು 2010ರಿಂದ. 2017ರ ಫೆಬ್ರುವರಿಯಲ್ಲಿ ರುಬೆಲ್ಲಾವನ್ನೂ ಸೇರಿಸಿ, 15 ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲೇ ಹಾಕಿದ ಅಭಿಯಾನ ದೇಶದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗಿನ ಪಿಯುಸಿ, ಕಾಲೇಜು ಮಕ್ಕಳಲ್ಲಿ ಹಲವರಿಗೆ ಆ ದಿನ ಸಾಲಿನಲ್ಲಿ ನಿಂತು ಅತ್ತದ್ದು ನೆನಪಿರಬಹುದು. ತಾಯಿ ಕಾರ್ಡ್ ಹುಡುಕಿ ನೋಡಿ. ಡೋಸ್ ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, 5 ವರ್ಷದವರೆಗೆ ಸರ್ಕಾರಿ ಕಾರ್ಯಕ್ರಮದಲ್ಲೇ ಹಾಕುತ್ತಾರೆ.

ನಾವು ಅಮೆರಿಕದಲ್ಲಿದ್ದೇವೆ, 8 ತಿಂಗಳ ಮಗುವಿನೊಂದಿಗೆ ಬೆಂಗಳೂರಿಗೆ ಬರುತ್ತಿದ್ದೇವೆ.

ಅಲ್ಲಿನ ಪಟ್ಟಿಯಲ್ಲಿ ಮೊದಲ ಡೋಸ್ 12ರಿಂದ 15 ತಿಂಗಳಿಗೆ. ಆದರೆ ವಿದೇಶ ಪ್ರಯಾಣ ಇದ್ದರೆ 6ರಿಂದ 11 ತಿಂಗಳ ಮಗುವಿಗೂ ಮುಂಚಿತವಾಗಿ ಒಂದು ಡೋಸ್ ಕೊಡಬೇಕೆಂದು ಅಲ್ಲಿನ ಸಲಹೆಯೇ ಇದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಮುಂದಿನ ಎರಡೂ ಹಾಕುತ್ತಾರೆ. ಟಿಕೆಟ್ ಮಾಡಿಸುವಾಗಲೇ ಮಕ್ಕಳ ವೈದ್ಯರನ್ನು ಕೇಳಿ.

ಅಜ್ಜಿ 'ಅಮ್ಮ ಬಂದಿದ್ದಾಳೆ' ಎನ್ನುತ್ತಾರೆ, ಬೇವಿನ ಸೊಪ್ಪು ಕಟ್ಟುತ್ತಾರೆ. ಮಕ್ಕಳಿಗೆ ಏನು ಹೇಳಲಿ?

ಅಜ್ಜಿಯನ್ನು ತರಗತಿಯಲ್ಲಿ ನಗೆಪಾಟಲು ಮಾಡಬೇಡಿ. ಬಾಗಿಲಿಗೆ ಬೇವು ಕಟ್ಟಿದ ಮನೆಗೆ ಹೊರಗಿನವರು ಕಾಲಿಡುತ್ತಿರಲಿಲ್ಲ, ಮಗುವನ್ನು ಹೊರಗೆ ಕಳಿಸುತ್ತಿರಲಿಲ್ಲ. ಅಂಟುರೋಗದಲ್ಲಿ ಅದು ಒಳ್ಳೆಯ ಕೆಲಸವೇ. ಒಪ್ಪಲಾಗದ್ದು ಎರಡು: ವೈದ್ಯರ ಹತ್ತಿರ ಹೋಗಬಾರದು ಎನ್ನುವುದು, ಊಟ-ನೀರು ಕಡಿಮೆ ಮಾಡುವುದು. ಬೇವು ಬಾಗಿಲಲ್ಲಿ ಇರಲಿ, ಮಗು ಆಸ್ಪತ್ರೆಗೂ ಹೋಗಲಿ ಎಂದರೆ ಬಹಳಷ್ಟು ಅಜ್ಜಿಯರು ಒಪ್ಪುತ್ತಾರೆ.

ಔಷಧಿ ಇಲ್ಲವೇ?

ವೈರಸ್ಸನ್ನೇ ಕೊಲ್ಲುವ ಮದ್ದು ಇಲ್ಲ. ನೀರು, ಆಹಾರ, ಜ್ವರಕ್ಕೆ ವೈದ್ಯರು ಹೇಳಿದ ಔಷಧ, ಮತ್ತು ವೈದ್ಯರೇ ವಯಸ್ಸಿಗೆ ತಕ್ಕಂತೆ ಸತತ ಎರಡು ದಿನ ಕೊಡುವ ವಿಟಮಿನ್ ಎ. ಅದು ಕಣ್ಣನ್ನು ಉಳಿಸುತ್ತದೆ, ಸಾವನ್ನೂ ಕಡಿಮೆ ಮಾಡುತ್ತದೆ. ಮನೆಯಲ್ಲಿ ಅಂದಾಜಿನ ಮೇಲೆ ಕೊಡಬೇಡಿ, ಹೆಚ್ಚಾದರೆ ವಿಷ. ಲಸಿಕೆಯ ಬದಲಿಗೂ ಅಲ್ಲ.

'ದಡಾರ ಬಂದರೆ ಸಾಯ್ತಾರಾ ಮಿಸ್?' ಎಂದು ಕೇಳಿದರೆ?

ಇಲ್ಲ ಎಂದು ಸುಳ್ಳು ಹೇಳಬೇಡಿ. 'ಹೆಚ್ಚಿನವರು ಹುಷಾರಾಗುತ್ತಾರೆ. ಕೆಲವರಿಗೆ ಬಹಳ ಜೋರಾಗುತ್ತದೆ, ಅದಕ್ಕೇ ಚುಚ್ಚುಮದ್ದು ಹಾಕಿಸುವುದು' ಎನ್ನಿ. ಪ್ರಶ್ನೆ ಕೇಳಿದ ಮಗುವಿನ ಮನೆಯಲ್ಲಿ ಯಾರಾದರೂ ಕಾಯಿಲೆ ಮಲಗಿದ್ದಾರೆಯೇ ಎಂದು ಆಮೇಲೆ ಆ ಮಗುವನ್ನು ಮಾತ್ರ ಕರೆದು ವಿಚಾರಿಸಿ. ಇಂಥ ಪ್ರಶ್ನೆ ಬರೀ ವಿಜ್ಞಾನದ ಪ್ರಶ್ನೆ ಆಗಿರುವುದು ಕಡಿಮೆ.

ತರಗತಿಯಲ್ಲಿ ಲಸಿಕೆ ಹಾಕಿಸದ ಮಗು ಇದ್ದರೆ?

'ಯಾರು ಯಾರು ಹಾಕಿಸಿಲ್ಲ, ಕೈ ಎತ್ತಿ' ಎಂದು ಖಂಡಿತ ಕೇಳಬೇಡಿ. ಅದು ಮಗುವಿನ ತೀರ್ಮಾನವಲ್ಲ. ಪೋಷಕರೊಂದಿಗೆ ಬೇರೆಯಾಗಿ ಮಾತಾಡಿ. ಶಾಲೆಯಲ್ಲಿ ದಡಾರದ ಅನುಮಾನ ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ರೋಗಿಯ ಹತ್ತಿರ ಇದ್ದವರಿಗೆ 72 ಗಂಟೆಯೊಳಗೆ ಲಸಿಕೆ ಹಾಕಿದರೆ ರೋಗ ಬರದಂತೆ ತಡೆಯಬಹುದು. ಲಸಿಕೆ ಕಲಿಸುವ ವೇಗ ವೈರಸ್ಸಿನ ವೇಗಕ್ಕಿಂತ ಸ್ವಲ್ಪ ಮುಂದಿರುವುದರಿಂದ ಇದು ಸಾಧ್ಯ.

ನಮ್ಮ ದನಕ್ಕೆ, ನಾಯಿಗೆ ಬರುತ್ತದೆಯೇ?

ಇಲ್ಲ. ದಡಾರದ ವೈರಸ್ ಉಳಿದುಕೊಂಡು ಬಂದಿರುವುದು ಮನುಷ್ಯರಲ್ಲಿ ಮಾತ್ರ. ಆದರೆ ಅದರ ಹತ್ತಿರದ ದಾಯಾದಿ ದನಗಳಲ್ಲಿತ್ತು: ರಿಂಡರ್‌ಪೆಸ್ಟ್, ಹಿಂಡುಗಟ್ಟಲೆ ಜಾನುವಾರುಗಳನ್ನು ಕೊಂದ ರೋಗ. ಲಸಿಕೆಯಿಂದ ಅದನ್ನು ಪೂರ್ತಿ ಇಲ್ಲವಾಗಿಸಿ, 2011ರಲ್ಲಿ ಜಗತ್ತೇ ಅದರಿಂದ ಮುಕ್ತ ಎಂದು ಘೋಷಿಸಿದರು. ಸಿಡುಬಿನ ನಂತರ ಹೀಗೆ ನಿರ್ಮೂಲವಾದ ಎರಡನೇ ರೋಗ ಅದೇ. ದನದ ರೋಗವನ್ನು ಓಡಿಸಿದವರು ಮನುಷ್ಯರದ್ದನ್ನು ಏಕೆ ಓಡಿಸಿಲ್ಲ ಎಂದು ಮಕ್ಕಳು ಕೇಳಿದರೆ, ಶೇ. 95ರ ಲೆಕ್ಕಕ್ಕೆ ವಾಪಸ್ ಕರೆದುಕೊಂಡು ಹೋಗಿ.

ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ ತಿಳಿಯುವುದು ಹೇಗೆ?

ಬಿಟ್ಟ ಸ್ಥಳ ತುಂಬಿಸಬೇಡಿ. ಒಂದು ಸನ್ನಿವೇಶ ಕೊಡಿ: 'ಸೋಮವಾರ ಬೆಳಿಗ್ಗೆ 10ಕ್ಕೆ ಒಂದು ಮಗು ಕೆಮ್ಮುತ್ತಾ ಗ್ರಂಥಾಲಯದಲ್ಲಿ ಕೂತು ಎದ್ದುಹೋಯಿತು. ಗುರುವಾರ ಅದಕ್ಕೆ ದಡಾರದ ದದ್ದು ಎದ್ದಿತು. ಸೋಮವಾರ 11ಕ್ಕೆ ಅದೇ ಕೋಣೆಗೆ ಮೂವರು ಬಂದಿದ್ದರು: ಎರಡು ಡೋಸ್ ಆದ ಸುಮಾ, ಚಿಕ್ಕಂದಿನಲ್ಲಿ ದಡಾರ ಬಂದಿದ್ದ ಅಟೆಂಡರ್ ಮಾಮ, 6 ತಿಂಗಳ ತಮ್ಮನನ್ನು ಎತ್ತಿಕೊಂಡಿದ್ದ, ಲಸಿಕೆ ಆಗದ ಇಮ್ರಾನ್. ಯಾರಿಗೆ ಬರಬಹುದು, ಯಾವ ವಾರದಲ್ಲಿ?' ಸೋಮವಾರವೇ ಅಂಟುವ ದಿನವಾಗಿತ್ತು, 11ಕ್ಕೂ ಗಾಳಿಯಲ್ಲಿ ಇತ್ತು, ಸುಮಾ ಮತ್ತು ಮಾಮನಿಗೆ ಬರುವ ಸಂಭವ ತೀರಾ ಕಡಿಮೆ, ಇಮ್ರಾನನಿಗೆ ಎರಡನೇ ವಾರದಲ್ಲಿ ಜ್ವರ ಬರಬಹುದು ಎಂಬಷ್ಟನ್ನು ಹೇಳಿದರೆ ಪಾಠ ಆಗಿದೆ. ತಮ್ಮನ ವಿಷಯದಲ್ಲಿ ತರಗತಿ ಎರಡು ಪಾಲಾಗುತ್ತದೆ. ತಾಯಿಯ ಪ್ರತಿಕಾಯ ಉಳಿದಿದೆಯೋ ಕರಗಿದೆಯೋ ಎಂದು ವಾದ ಮಾಡಲಿ, ಪೀರಿಯಡ್ ಮುಗಿಯುವವರೆಗೂ ಬಿಡಿ.